ದಾರಿ ತಪ್ಪಿಸಿಕೊಂಡ ಛತ್ರ

ಬೆಂಗಳೂರಿನಲ್ಲಿ ಈಗ ಯಾರಾದರೂ ‘ಛತ್ರಕ್ಕೆ ಹೋಗಿದ್ದೆ’ ಎಂದರೆ, ಕೇಳಿದವರು ತಕ್ಷಣ ‘ಯಾರ ಮದುವೆ?’ ಅನ್ನುತ್ತಾರೆ. ದಾರಿಹೋಕರಿಗೆ ಒಂದು ಚಾಪೆ, ಒಂದು ಹೊತ್ತಿನ ಊಟ ಕೊಡುತ್ತಿದ್ದ ಛತ್ರ, ಯಾರಿಗೂ ಹೇಳದೆ ಕೇಳದೆ ಕಲ್ಯಾಣಮಂಟಪವಾಗಿ ಬಡ್ತಿ ಪಡೆದುಬಿಟ್ಟಿದೆ. ರೈಲು ನಿಲ್ದಾಣದ ಹತ್ತಿರ ಗುಬ್ಬಿ ತೋಟದಪ್ಪನವರು 1903ರಲ್ಲಿ ಕಟ್ಟಿಸಿದ ಛತ್ರದಂಥವು ಆ ಪದದ ಮಾನ ಉಳಿಸಿವೆ, ಅಷ್ಟೆ.

ಇದೆಲ್ಲ ನೆನಪಾದದ್ದು ಬಾಸ್ಟನ್ನಿಗೆ ಮಗನ ಮನೆಗೆ ಹೋಗಿದ್ದಾಗ. ಅವನ ಕಂಪನಿಯವರಿಗೆ ಸಡ್‌ಬರಿ ಎಂಬ ಊರಿನ ಹಳೆಯ ಹೋಟೆಲೊಂದರಲ್ಲಿ ದಿನವಿಡೀ ಮೀಟಿಂಗು. ಮನೆಯಲ್ಲಿ ಒಬ್ಬನೇ ಕೂತು ಏನು ಮಾಡುತ್ತೀಯ ಬಾ ಎಂದು ನನ್ನನ್ನೂ ಕಾರಿಗೆ ಹಾಕಿಕೊಂಡ. ಅವರು ಬಾಗಿಲು ಹಾಕಿಕೊಂಡು ಮುಂದಿನ ಐದು ವರ್ಷದ ಭವಿಷ್ಯ ನೋಡುತ್ತ ಕೂತರು. ನನಗೆ ಸಿಕ್ಕಿದ್ದು ಹಿಂದಿನ ಮುನ್ನೂರು ವರ್ಷ. ಲಾಭ ನನಗೇ ಆಯಿತೆನ್ನಬೇಕು.

ಹೋಟೆಲಿನ ಹೆಸರು ‘ವೇಸೈಡ್ ಇನ್’. ದಾರಿಬದಿಯ ಛತ್ರ ಎಂದಿಟ್ಟುಕೊಳ್ಳಿ. ಡೇವಿಡ್ ಹೌ ಎಂಬಾತ 1716ರಲ್ಲಿ ತನ್ನ ಎರಡು ಕೋಣೆಯ ಮನೆಯಲ್ಲೇ ಇದನ್ನು ಶುರುಮಾಡಿದ. ಬಾಸ್ಟನ್ನಿನಿಂದ ಹೊರಟ ಟಪಾಲು ರಸ್ತೆ ಬಾಗಿಲ ಮುಂದೆಯೇ ಹಾದುಹೋಗುತ್ತಿತ್ತು. ಕತ್ತಲಾಯಿತು, ಕುದುರೆ ದಣಿಯಿತು, ಮಳೆ ಬಂತು, ಇಷ್ಟಾದರೆ ಗಿರಾಕಿ ಒಳಗೆ. ಜಾಹೀರಾತಿನ ಖರ್ಚನ್ನು ಆಕಾಶವೇ ನೋಡಿಕೊಳ್ಳುತ್ತಿತ್ತು. ನಾಲ್ಕು ತಲೆಮಾರು ಹೌ ಮನೆತನದವರೇ ನಡೆಸಿದರು. ನಾಲ್ಕನೆಯವನಾದ ಲೈಮನ್ ಹೌ ಮದುವೆಯಾಗದೆ 1861ರಲ್ಲಿ ತೀರಿಕೊಂಡ, ವಸತಿ ನಿಂತಿತು. ಮರುವರ್ಷ ಬಂದವನು ಕವಿ ಲಾಂಗ್‌ಫೆಲೊ. ನಮ್ಮ ಮೇಷ್ಟ್ರು ಬೆತ್ತ ಹಿಡಿದು ಬಾಯಿಪಾಠ ಮಾಡಿಸಿದ್ದರಲ್ಲ, ಅದೇ ಲಾಂಗ್‌ಫೆಲೊ. ಛತ್ರ ಛತ್ರವಾಗಿರದ ಹೊತ್ತಿನಲ್ಲಿ ಬಂದು, ಅಲ್ಲಿ ಒಲೆಯ ಮುಂದೆ ಕೂತ ಮಂದಿ ಒಬ್ಬರಿಗೊಬ್ಬರು ಕಥೆ ಹೇಳುವಂತೆ ಕಲ್ಪಿಸಿಕೊಂಡು 1863ರಲ್ಲಿ ಪುಸ್ತಕ ಪ್ರಕಟಿಸಿದ. ‘ವೇಸೈಡ್ ಇನ್’ ಎಂಬ ಹೆಸರು ಅವನ ಪುಸ್ತಕದ್ದು. 1897ರಲ್ಲಿ ಕಟ್ಟಡ ಕೊಂಡ ಉಣ್ಣೆ ವ್ಯಾಪಾರಿಯೊಬ್ಬ ಅದನ್ನೇ ಬೋರ್ಡಿಗೆ ಹಾಕಿದ. ಊರಿನಿಂದ ಕಥೆಗೆ ಹೆಸರು ಬರುವುದುಂಟು. ಇಲ್ಲಿ ಕಥೆಯಿಂದಲೇ ಕಟ್ಟಡಕ್ಕೆ ಬಂತು.

ಆಮೇಲೆ ಬಂದವನದೇ ನಿಜವಾದ ತಮಾಷೆ. 1923ರಲ್ಲಿ ಛತ್ರವನ್ನು ಕೊಂಡವನು ಹೆನ್ರಿ ಫೋರ್ಡ್, ಸಾಕ್ಷಾತ್ ಮೋಟಾರು ಕಾರಿನ ಫೋರ್ಡ್! ಇಂಗ್ಲಿಷ್ ಶಿಶುಗೀತೆಯ ಮೇರಿಯನ್ನು ಅವಳ ಕುರಿಮರಿ ಹಿಂಬಾಲಿಸಿದ್ದು ಇದೇ ಶಾಲೆಗೆ ಎಂದು ನಂಬಿ, ಸ್ಟರ್ಲಿಂಗ್ ಎಂಬ ಊರಿನಿಂದ ಒಂದು ಪುಟ್ಟ ಕೆಂಪು ಶಾಲೆಯನ್ನು 1926ರಲ್ಲಿ ತರಿಸಿ ಇಲ್ಲಿ ನಿಲ್ಲಿಸಿದ. ನೀರಿನಿಂದ ತಿರುಗುವ ಹಿಟ್ಟಿನ ಗಿರಣಿ ಕಟ್ಟಿಸಿದ. ಬಿರುಗಾಳಿಗೆ ಬಿದ್ದ ಮರಗಳಿಂದ ಪ್ರಾರ್ಥನಾ ಮಂದಿರ ಮಾಡಿಸಿ, ಅತ್ತೆ ಮಾರ್ಥಾ, ತಾಯಿ ಮೇರಿ ಇಬ್ಬರ ಹೆಸರನ್ನೂ ಸೇರಿಸಿಟ್ಟ. ಅತ್ತೆಯ ಹೆಸರನ್ನು ಮೊದಲಿಟ್ಟದ್ದರಲ್ಲೇ ಅವನ ಸಂಸಾರದ ಜಾಣ್ಮೆ ಕಾಣುತ್ತದೆ. ಇಷ್ಟೆಲ್ಲ ಆದಮೇಲೂ ಒಂದು ಕಾಟ ಉಳಿಯಿತು: ಬಾಗಿಲ ಮುಂದೆ ಕಾರುಗಳ ಸದ್ದು. ಊರಿಗೆಲ್ಲ ಕಾರು ಮಾರಿದವನು ಇನ್ನೇನು ಮಾಡಿಯಾನು? ತನ್ನ ಹಣದಿಂದಲೇ ಹೆದ್ದಾರಿಯನ್ನು ಬಳಸುದಾರಿಗೆ ತಿರುಗಿಸಿದ. ಹೀಗೆ ದಾರಿಬದಿಯ ಛತ್ರಕ್ಕೆ ಬದಿ ಮಾತ್ರ ಉಳಿಯಿತು.

ಈಗ ಕತ್ತಲಾಯಿತೆಂದು ಅಲ್ಲಿಗೆ ಯಾರೂ ಬರುವುದಿಲ್ಲ; ತಿಂಗಳುಗಟ್ಟಲೆ ಮೊದಲೇ ಗೊತ್ತುಮಾಡಿಕೊಂಡು ಬರುತ್ತಾರೆ. ಮದುವೆಗೆ ಬರುತ್ತಾರೆ, ಮೀಟಿಂಗಿಗೆ ಬರುತ್ತಾರೆ. ನಮ್ಮ ಛತ್ರ ಹಿಡಿದ ದಾರಿಯೇ! 1955ರ ಡಿಸೆಂಬರಿನಲ್ಲಿ ಬೆಂಕಿ ಬಿದ್ದು ಬಹುಪಾಲು ಹಾಳಾಗಿದ್ದನ್ನು ಫೋರ್ಡ್ ಪ್ರತಿಷ್ಠಾನದ ನೆರವಿನಿಂದ ಮತ್ತೆ ಎಬ್ಬಿಸಿದ್ದಾರೆ. ಹಳೆಯ ಪಾನಗೃಹದ ತೊಲೆಗಳು ತೀರ ತಗ್ಗು. ನಾನು ಕುಳ್ಳ, ನಿರಾತಂಕವಾಗಿ ಓಡಾಡಿದೆ. ಮಗನ ಮೇಲಧಿಕಾರಿ ಆರಡಿ ಮೀರಿದ ಆಳು, ದಿನವಿಡೀ ಎಲ್ಲರಿಗೂ ವಂದಿಸುತ್ತಿರುವವನಂತೆ ಕಂಡ.

ಮಹಡಿಯ ಒಂಬತ್ತು, ಹತ್ತನೆಯ ಕೋಣೆಗಳು ಲೈಮನ್ನನ ಅಕ್ಕ ಜೆರೂಷಾಳವಂತೆ. ಕಡಲಾಚೆ ಹೋದ ಪ್ರಿಯಕರ ಮರಳಲಿಲ್ಲ. ಇವಳು ಇನ್ನೂ ಅಲ್ಲೇ ಸುಳಿದಾಡುತ್ತಾಳೆಂದು ಪ್ರತೀತಿ. ತಂಗಿದವರು ಚೀಟಿ ಬರೆದು ಮೇಜಿನ ಖಾನೆಯಲ್ಲಿ, ತೊಲೆಯ ಸಂದಿಯಲ್ಲಿ ಬಚ್ಚಿಡುತ್ತಾರೆ. ಮುಂದೆ ಬಂದವರು ಹುಡುಕಿ ಓದುತ್ತಾರೆ. ಕವಿ ಕಲ್ಪಿಸಿಕೊಂಡ ಕಥೆ ಹೇಳುವ ಕೂಟ ನಿಜವಾಗಿ ನಡೆದಿರುವುದು ಈ ಚೀಟಿಗಳಲ್ಲೇ ಎಂದು ನನ್ನ ಲೆಕ್ಕ. ಕನ್ನಡದಲ್ಲೂ ಒಂದು ಚೀಟಿ ಇರಲಿ ಎಂದು ಜೇಬು ತಡವಿದೆ. ಪೆನ್ನಿತ್ತು. ಆದರೆ ನನ್ನದು ಕೋಣೆಯಿಲ್ಲದ ಅತಿಥಿಯ ಪಾಡು. ಮೇಲೆ ಹೋಗಲು ಸಂಕೋಚವಾಯಿತು.

ಆ ಕಡೆ ಹೋಗುವ ಕನ್ನಡಿಗರು ಯಾರಾದರೂ ನನ್ನ ಪರವಾಗಿ ಎರಡು ಸಾಲು ಬರೆದಿಟ್ಟು ಬನ್ನಿ. ಇರುವುದು ಹತ್ತೇ ಕೋಣೆ, ಮೊದಲೇ ಹೇಳಿಡಿ. ತಲೆ ಜೋಪಾನ.