ಸೋಮವಾರದ ಹಮಾಲಿ

ಅಪ್ಪನ ಕಣ್ಣಿನ ಪೊರೆ ತೆಗೆದ ಡಾಕ್ಟರು ಕರಿ ಕನ್ನಡಕ ಹಾಕಿ ಕಳಿಸುವಾಗ ಎರಡು ಮಾತು ಹೇಳಿದರು. ಭಾರ ಎತ್ತಬಾರದು, ಹದಿನೈದು ದಿನ ಓದುವುದು ಬರೆಯುವುದು ಬೇಡ. ಭಾರ ಎತ್ತುವುದನ್ನು ಅಪ್ಪ ಬಿಟ್ಟು ಬಹಳ ವರ್ಷವಾಗಿತ್ತು. ಅದಕ್ಕೆ ನಾನಿದ್ದೆ. ಬರೆಯುವುದನ್ನು ಮಾತ್ರ ಒಂದು ದಿನವೂ ಬಿಟ್ಟವನಲ್ಲ. ತಂಬ್ರಹಳ್ಳಿಯ ನಮ್ಮ ಕಿರಾಣಿ ಅಂಗಡಿಯಲ್ಲಿ ಬೇಳೆ, ಬೆಲ್ಲ, ಹಗ್ಗ, ಮೊಳೆ, ಕರ್ಪೂರ ಎಲ್ಲವೂ ಸಿಗುತ್ತವೆ, ಆದರೆ ಹೆಚ್ಚು ಹೋಗುವ ಮಾಲು ಉದ್ರಿ. ಮೆಕ್ಕೆಜೋಳ ಮಾರಿದ ಮೇಲೆ, ಉಳ್ಳಾಗಡ್ಡಿಗೆ ರೇಟು ಬಂದ ಮೇಲೆ, ಮಗಳ ಬಾಣಂತನ ಮುಗಿದ ಮೇಲೆ ಎಂದು ಹೇಳಿ ಒಯ್ದದ್ದೆಲ್ಲ ಅಪ್ಪನ ಉದ್ದನೆಯ ಪುಸ್ತಕದಲ್ಲಿರುತ್ತದೆ. ಬೆಂಗಳೂರಿನ ಆಡಿಟರ್ ಕಚೇರಿಯೊಂದರಲ್ಲಿ ಮೂರು ವರ್ಷ ದುಡಿದು ಊರಿಗೆ ಮರಳಿದ ಬಿ.ಕಾಂ. ಪದವೀಧರ ನಾನು. ಕಂಪನಿಗಳ ಬ್ಯಾಲೆನ್ಸ್ ಶೀಟ್ ಓದಿದವನಿಗೆ ಇದೇನು ಮಹಾ ಎಂದು ಪುಸ್ತಕ ಬಿಚ್ಚಿದೆ.

'ಕೆಂಪು ಪಟಗ, 240. ಮೊನ್ನಿನಾಕಿ, 85. ಅವನ ಅಳಿಯ, 310.'

"ಯಪ್ಪಾ, ಯಾವನ ಅಳಿಯ?"

"ಮ್ಯಾಲಿನ ಸಾಲು ನೋಡು."

"ಅಲ್ಲಿ ಮೊನ್ನಿನಾಕಿ ಅಂತ ಐತಿ."

"ಅದರ ಮ್ಯಾಲಿಂದು."

"ಕೆಂಪು ಪಟಗ."

"ಹಾಂ, ಅವನ ಅಳಿಯ. ಆ ಮೊನ್ನಿನಾಕಿ ಇವನ ಹೇಣ್ತಿ, ಅವನ ಮಗಳು. ಇಷ್ಟೂ ತಿಳಿಯಂಗಿಲ್ಲೇನು?"

ಮೂರು ಸಾಲಿನಲ್ಲಿ ಒಂದು ಸಂಸಾರ, 635 ರೂಪಾಯಿ ಬಾಕಿ. ಹದಿನೈದು ದಿನ ನಾವಿಬ್ಬರೂ ಹೀಗೇ ಗಮಕದವರ ಹಾಗೆ ಕೂತೆವು. ನಾನು ವಾಚನ, ಅಪ್ಪ ವ್ಯಾಖ್ಯಾನ. ವಸೂಲಿಗೆ ಹೋಗಬೇಕೆಂದರೆ ಕರಿ ಕನ್ನಡಕದ ಅಪ್ಪನನ್ನು ಬೈಕಿನ ಹಿಂದೆ ಕೂರಿಸಿಕೊಂಡೇ ಹೋಗಬೇಕು, ಇಲ್ಲದಿದ್ದರೆ ಯಾರ ಮನೆಯ ಬಾಗಿಲು ಬಡಿಯುವುದು?

ಅದರ ಮೇಲೆ 2025ರ ಜುಲೈ ತಿಂಗಳ ಭಯ ಇನ್ನೂ ಆರಿರಲಿಲ್ಲ. ಯುಪಿಐ ಮೂಲಕ ಜಮೆಯಾದ ಹಣದ ಲೆಕ್ಕ ಹಿಡಿದು ವಾಣಿಜ್ಯ ತೆರಿಗೆ ಇಲಾಖೆ ರಾಜ್ಯದ ಸಣ್ಣ ವ್ಯಾಪಾರಿಗಳಿಗೆ ನೋಟಿಸು ಕಳಿಸಿದ ತಿಂಗಳು ಅದು. ಹಾವೇರಿಯ ತರಕಾರಿ ವ್ಯಾಪಾರಿಯೊಬ್ಬರಿಗೆ 29 ಲಕ್ಷ ರೂಪಾಯಿಯ ನೋಟಿಸು ಬಂದ ಸುದ್ದಿಯನ್ನು ಟಿ.ವಿ.ಯಲ್ಲಿ ಕೇಳಿದ ಅಪ್ಪ, ಮರುದಿನ ಬೆಳಿಗ್ಗೆ ಗಲ್ಲಾದ ಮುಂದಿನ ಕ್ಯೂಆರ್ ಹಾಳೆ ಕಿತ್ತು, ತಿರುವಿ, ಬೆನ್ನಿಗೆ 'ರೊಕ್ಕ ಮಾತ್ರ' ಎಂದು ಬರೆದು ಅಲ್ಲೇ ಅಂಟಿಸಿದ್ದ. ಮುಖ್ಯಮಂತ್ರಿಗಳೇ ವರ್ತಕರನ್ನು ಕರೆದು ಮಾತಾಡಿದ ಮೇಲೂ ಆ ಹಾಳೆ ಮಗ್ಗುಲು ಬದಲಿಸಲಿಲ್ಲ. ಸರಕು ಮಾರುವವರ ವರ್ಷದ ವಹಿವಾಟು 40 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಬೇಕು. ನಾವು ಅದರ ಅಂಗಳಕ್ಕೂ ಕಾಲಿಟ್ಟವರಲ್ಲ. ಆದರೆ ಇಟ್ಟಿಲ್ಲ ಎಂದು ತೋರಿಸಲು ನಮ್ಮಲ್ಲಿರುವ ದಾಖಲೆ ಯಾವುದು? 'ಅವನ ಅಳಿಯ, 310.'

ಲೆಕ್ಕದ ತಂತ್ರಾಂಶ ಹಾಕೋಣ ಎಂದೆ.

ನಮ್ಮ ಕಡೆ ಲೆಕ್ಕದ ತಂತ್ರಾಂಶವೆಂದರೆ ಟ್ಯಾಲಿ. ಟ್ಯಾಲಿ ಎಂದರೆ ವಿದ್ಯಾರ್ಹತೆ. 'ಹುಡುಗ ಬಿ.ಕಾಂ., ಟ್ಯಾಲಿನೂ ಮಾಡ್ಯಾನ' ಎಂದರೆ ಹೆಣ್ಣಿನ ಕಡೆಯವರು ಇನ್ನೊಂದು ಕಪ್ಪು ಚಹಾ ತರಿಸುತ್ತಾರೆ. ಅದು ಹುಟ್ಟಿದ ಕಥೆಯನ್ನು ಅಪ್ಪನಿಗೆ ಹೇಳಿದೆ. ಗಿರಣಿಗಳಿಗೆ ಕಚ್ಚಾ ಮಾಲು, ಯಂತ್ರದ ಬಿಡಿಭಾಗ ಒದಗಿಸುತ್ತಿದ್ದ ಶ್ಯಾಮ್ ಸುಂದರ್ ಗೋಯೆಂಕಾ ಎಂಬುವರಿಗೆ ತಮ್ಮ ವ್ಯಾಪಾರಕ್ಕೆ ಒಗ್ಗುವ ಲೆಕ್ಕದ ತಂತ್ರಾಂಶ ಸಿಗಲಿಲ್ಲ. ನೀನೇ ಬರೆದುಬಿಡು ಎಂದು ಮಗ ಭರತ್‌ಗೆ ಹೇಳಿದರು. 1986ರಲ್ಲಿ ಬೆಂಗಳೂರಿನಲ್ಲಿ ಕಂಪನಿ ಶುರುವಾಯಿತು. 2020ರಲ್ಲಿ ಮಗನಿಗೆ ಪದ್ಮಶ್ರೀ ಘೋಷಣೆಯಾಯಿತು.

"ನೋಡು, ಮಗ ಅಂದ್ರ ಹಂಗಿರಬೇಕು" ಎಂದ ಅಪ್ಪ. ಈ ಕಥೆ ಹೇಳಿದ್ದು ನನ್ನದೇ ತಪ್ಪು.

ಅಸಲಿ ಪ್ರತಿಯ ಬೆಲೆ ಕೇಳಿದರೆ ನಮ್ಮ ಅಂಗಡಿಯ ಲಾಭಕ್ಕೆ ಚಳಿಜ್ವರ ಬರುತ್ತದೆ. ಹಗರಿಬೊಮ್ಮನಹಳ್ಳಿಯ ಗೆಳೆಯನೊಬ್ಬ ಕಿಸೆಯಿಂದ ಪೆನ್‌ಡ್ರೈವ್ ತೆಗೆದು, "ಮುನ್ನೂರು ಕೊಡು, ಕ್ರ್ಯಾಕ್ ಮಾಡಿದ್ದು ಐತಿ, ಊರಿಗೆಲ್ಲ ಇದನ್ನ ಹಾಕೀನಿ" ಎಂದ. ಅಪ್ಪನಿಗೆ ಹೇಳಿದೆ. "ತಕ್ಕಡಿನ ಕದ್ದು ತಂದು, ತೂಕ ಮಾತ್ರ ಸರೀಗೆ ತೂಗ್ತೀನಿ ಅಂದ್ರ ಹೆಂಗಲೇ?" ಎಂದ.

"ಹಂಗಾದ್ರ ಕದೀದೇ ಪುಕ್ಕಟೆ ಸಿಗೋದು ಐತಿ. ಓಪನ್ ಸೋರ್ಸ್ ಅಂತ."

ಪುಕ್ಕಟೆ ಎನ್ನಬಾರದಿತ್ತು. ನಲವತ್ತು ವರ್ಷ ವ್ಯಾಪಾರ ಮಾಡಿದವನಿಗೆ ಪುಕ್ಕಟೆಯಷ್ಟು ಅನುಮಾನದ ಮಾಲು ಬೇರೆ ಇಲ್ಲ. ಸೋಪಿನ ಜೊತೆ ಬರುವ ಪುಕ್ಕಟೆ ಚಮಚೆಯನ್ನೂ ಎರಡು ಸಲ ತಿರುವಿ ನೋಡುವವನು. ಇಂಗ್ಲಿಷಿನಲ್ಲಿ ಬಿಟ್ಟಿಗೂ ಬಿಡುಗಡೆಗೂ 'ಫ್ರೀ' ಎಂಬ ಒಂದೇ ಪದ ಇರುವುದರಿಂದ, 'ಫ್ರೀ ಸಾಫ್ಟ್‌ವೇರ್' ಚಳವಳಿ ಹುಟ್ಟುಹಾಕಿದ ರಿಚರ್ಡ್ ಸ್ಟಾಲ್‌ಮನ್ ನಾನು ಹೇಳುತ್ತಿರುವುದು ಬಿಟ್ಟಿ ಬಿಯರ್ ವಿಷಯವಲ್ಲ, ಸ್ವಾತಂತ್ರ್ಯದ ವಿಷಯ ಎಂದು ದೇಶದೇಶಗಳಲ್ಲಿ ಬಿಡಿಸಿ ಹೇಳಬೇಕಾಯಿತು. ಕನ್ನಡದಲ್ಲಿ ಆ ಕಷ್ಟವೇ ಇಲ್ಲ, ಎರಡಕ್ಕೂ ಬೇರೆಬೇರೆ ಪದ ಇವೆ. ನಾನು ಆರಿಸಿಕೊಂಡದ್ದು ತಪ್ಪು ಪದ, ಅಷ್ಟೆ. ತಿದ್ದಿಕೊಂಡು 'ಮುಕ್ತ' ಎಂದೆ. ಅದು ಇನ್ನೂ ಕೆಟ್ಟಿತು.

"ಮುಕ್ತ ಅಂದ್ರ? ನಮ್ಮ ಲೆಕ್ಕ ಊರಿಗೆಲ್ಲ ಕಾಣತೈತೇನು?"

"ಲೆಕ್ಕ ಕಾಣಂಗಿಲ್ಲ ಯಪ್ಪಾ. ಲೆಕ್ಕ ಮಾಡೋ ಯಂತ್ರದ ಒಳಗಿಂದು ಕಾಣತೈತಿ. ನಮ್ಮ ಪಂಪ್‌ಸೆಟ್ ಇದ್ದಂಗ, ಯಾರು ಬೇಕಾದ್ರೂ ಬಿಚ್ಚಿ ನೋಡಬಹುದು, ರಿಪೇರಿ ಮಾಡಬಹುದು."

"ಊರಾಗ ಬಿಚ್ಚವರು ಯಾರದಾರ?"

ಇದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಈಗಲೂ ಇಲ್ಲ. ಬಿಚ್ಚಬಹುದಾದ ಯಂತ್ರವೂ ಬಿಚ್ಚುವವರಿಲ್ಲದ ಊರಿನಲ್ಲಿ ಮುಚ್ಚಿದ ಯಂತ್ರವೇ. ಆದರೆ ಅಪ್ಪನ ಪುಸ್ತಕ ಇದಕ್ಕೆ ಸರೀ ತಿರುಗುಮುರುಗು ಎಂಬುದು ಆಗ ಹೊಳೆಯಿತು. ಅದು ಗಲ್ಲಾದ ಪಕ್ಕ ದಿನವಿಡೀ ಬಾಯಿ ತೆರೆದೇ ಬಿದ್ದಿರುತ್ತದೆ. ಎಣ್ಣೆ ಒಯ್ಯಲು ಬಂದವರು ಬಾಗಿ ಪಕ್ಕದ ಮನೆಯವರ ಬಾಕಿ ಹುಡುಕುತ್ತಾರೆ. ಯಾರಿಗೂ ಏನೂ ತಿಳಿಯುವುದಿಲ್ಲ. ಲೆಕ್ಕ ಬಟಾಬಯಲು, ಅದರ ಸೋರ್ಸ್ ಮಾತ್ರ ಅಪ್ಪನ ತಲೆಯೊಳಗೆ ಬೀಗ ಹಾಕಿಕೊಂಡಿದೆ. ಒಬ್ಬನೇ ಒಬ್ಬ ಕಂಪನಿಯವನಿಗೆ ಗಿರಾಕಿ ಜೀವಮಾನವಿಡೀ ಕಟ್ಟುಬೀಳುವುದನ್ನು ಬೆಂಗಳೂರಿನ ಐ.ಟಿ. ಹುಡುಗರು ಲಾಕ್-ಇನ್ ಎಂದು ಬೈಯುತ್ತಿದ್ದರು. ನನ್ನದು ಅಪ್ಪನಿಗೇ ಲಾಕ್-ಇನ್.

ಹುಡುಕಾಟ ಶುರುವಾಯಿತು. ಮೊದಲು ಸಿಕ್ಕದ್ದು ಇಆರ್‌ಪಿನೆಕ್ಸ್ಟ್. ಮುಂಬೈಯ ರುಶಭ್ ಮೆಹ್ತಾ ಕಟ್ಟಿದ್ದು. ಅವರ ಮನೆಯದು ಪೀಠೋಪಕರಣದ ವ್ಯಾಪಾರವಂತೆ. ಅಂದರೆ ಇಲ್ಲಿಯೂ ಮನೆಯ ವ್ಯಾಪಾರದ ಲೆಕ್ಕಕ್ಕೆ ಸಿಕ್ಕಿಬಿದ್ದ ಮಗನೊಬ್ಬನಿದ್ದಾನೆ! ಇದನ್ನು ಅಪ್ಪನಿಗೆ ಹೇಳಲಿಲ್ಲ, ಒಂದು ಸಲ ಬುದ್ಧಿ ಬಂದಿತ್ತು. ತೆರೆದರೆ ಅದು ನಿಮ್ಮ ಗೋದಾಮುಗಳು ಎಷ್ಟು, ವಿಭಾಗಗಳು ಯಾವುವು, ನೌಕರರ ರಜೆಯ ನಿಯಮ ಏನು ಎಂಬಲ್ಲಿಗೆಲ್ಲ ಕರೆದೊಯ್ಯುತ್ತದೆ. ನಮ್ಮ ಗೋದಾಮು ಅಡುಗೆಮನೆಯ ಅಟ್ಟ. ನೌಕರ ನಾನು. ನನ್ನ ರಜೆಯ ನಿಯಮವನ್ನು ಅಪ್ಪನ ಬಾಯಿಂದಲೇ ಕೇಳಬೇಕು. ಕಾರ್ಖಾನೆ ನಡೆಸುವವರಿಗೆ ಅದು ವರ. ನಮಗೆ ಗುಬ್ಬಿಯ ಮೇಲೆ ಬ್ರಹ್ಮಾಸ್ತ್ರ.

ಎರಡನೆಯದು ಗ್ನೂಖಾತಾ. ಹೆಸರಿನಲ್ಲೇ ಖಾತೆ ಇದೆ. ನಮ್ಮ ದೇಶದ್ದು, ಜಿಎಸ್‌ಟಿ ಬಲ್ಲದ್ದು. ಅದರ ಮುಂದಾಳು ಕೃಷ್ಣಕಾಂತ್ ಮಾನೆ ಎಂಬುವರಿಗೆ ಕಣ್ಣು ಕಾಣುತ್ತಿರಲಿಲ್ಲ ಎಂದು ಅಪ್ಪನಿಗೆ ಓದಿ ಹೇಳಿದೆ. ಅಪ್ಪ ಕರಿ ಕನ್ನಡಕವನ್ನು ಮುಟ್ಟಿ ನೋಡಿಕೊಂಡು ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ "ಅದನ್ನ ಹಾಕು" ಎಂದ. ಮೂರು ಸಂಜೆ ಹಾಕಲು ನೋಡಿದೆ. ತಂತ್ರಾಂಶದ್ದು ಏನೂ ತಪ್ಪಿರಲಿಲ್ಲ. ನನ್ನ ಲ್ಯಾಪ್‌ಟಾಪಿನ ಬ್ಯಾಟರಿ ಸತ್ತು ಯಾವುದೋ ಕಾಲವಾಗಿದೆ, ಕರೆಂಟು ಅರ್ಧ ದಾರಿಯಲ್ಲಿ ಕೈಬಿಡುತ್ತದೆ. ಈ ಲ್ಯಾಪ್‌ಟಾಪು ನಾನು ಬಿ.ಕಾಂ. ಓದುವಾಗ ಅವ್ವ ಕೊಡಿಸಿದ್ದು, ಆಗಲೇ ಸೆಕೆಂಡ್ ಹ್ಯಾಂಡ್. ರೊಕ್ಕ ಎಲ್ಲಿಂದ ತಂದೆ ಎಂದು ನಾನೂ ಕೇಳಿರಲಿಲ್ಲ, ಅವಳೂ ಹೇಳಿರಲಿಲ್ಲ.

ಕೊನೆಗೆ ಈ ಮುದಿ ಯಂತ್ರದ ಕೈಹಿಡಿದದ್ದು ಗ್ನೂಕ್ಯಾಶ್. 1998ರಲ್ಲಿ ಮೊದಲ ಸ್ಥಿರ ಆವೃತ್ತಿ ಬಂದದ್ದು, ಹಗುರ, ಒಂಟಿ ಕಂಪ್ಯೂಟರಿನಲ್ಲಿ ತನ್ನ ಪಾಡಿಗೆ ತಾನು ಇರುತ್ತದೆ, ಇಂಟರ್‌ನೆಟ್ ಬೇಡುವುದಿಲ್ಲ. ಜಿಎಸ್‌ಟಿ ರಿಟರ್ನ್ ತುಂಬಿಕೊಡುವುದಿಲ್ಲ, ಅದು ನಮಗೆ ಬೇಕೂ ಇಲ್ಲ. "ಗ್ನೂ ಅಂದ್ರ ಏನು?" ಎಂದ ಅಪ್ಪ. ಆಫ್ರಿಕಾದ ಒಂದು ಪ್ರಾಣಿಯ ಹೆಸರೂ ಹೌದು ಎಂದೆ. "ಎತ್ತೋ, ಎಮ್ಮೀನೋ?" ಎರಡರ ನಡುವಿನದು ಎಂದು ಫೋಟೋ ವರ್ಣಿಸಿದೆ. "ಹಾಲು ಕೊಡತೈತೋ, ಗಳೇ ಹೊಡೀತೈತೋ ನೋಡಾಣ" ಎಂದು ಒಪ್ಪಿಗೆ ಕೊಟ್ಟ.

ಭಾಷೆಯನ್ನು ಕನ್ನಡಕ್ಕೆ ತಿರುಗಿಸಿದೆ. ಅರ್ಧ ಕನ್ನಡ, ಅರ್ಧ ಇಂಗ್ಲಿಷು, ಥೇಟು ನಮ್ಮ ಕಾಲೇಜಿನ ಲೆಕ್ಚರರ ಪಾಠದ ಹಾಗೆ. ಆದರೆ ಒಂದು ಪದಕ್ಕೆ ಬೆರಳು ನಿಂತಿತು. ಕನ್ನಡ ತಂತ್ರಾಂಶಗಳಲ್ಲಿ 'ಫೈಲ್'ಗೆ 'ಕಡತ' ಎನ್ನುತ್ತಾರಲ್ಲ, ಆ ಪದ. ನಮ್ಮ ಅಟ್ಟದ ಮೇಲೆ ಮುತ್ತಜ್ಜನ ಕಡತವೊಂದಿದೆ. ಬಟ್ಟೆಗೆ ಹುಣಸೆಬೀಜದ ಅಂಟು, ಇದ್ದಿಲ ಪುಡಿ ಬಳಿದು ಕರ್ರಗೆ ಮಾಡಿ, ಒಣಗಿಸಿ, ಮಡಿಚಿ ಇಟ್ಟ ಪುಸ್ತಕ. ಬಿಳಿ ಬಳಪದಲ್ಲಿ ಬರೆಯುವುದು, ಲೆಕ್ಕ ಚುಕ್ತಾ ಆದ ಮೇಲೆ ಒರೆಸಿ ಮತ್ತೆ ಬರೆಯುವುದು. ಕಂಪನಿಗಳ ಲೆಕ್ಕದ ತಂತ್ರಾಂಶದಲ್ಲಿ ಪ್ರತಿ ತಿದ್ದುಪಡಿಯ ಜಾಡೂ ಉಳಿಯಬೇಕೆಂಬ ನಿಯಮ 2023ರ ಏಪ್ರಿಲ್ 1ರಿಂದ ಬಂದಿದೆ. ಮುತ್ತಜ್ಜನ ಪುಣ್ಯ, ಅವನು ಕಂಪನಿಯಾಗಿರಲಿಲ್ಲ.

ಇನ್ನು ಜೋಡಿ ನಮೂದು. ಒಂದು ವ್ಯವಹಾರವನ್ನು ಎರಡು ಕಡೆ ಬರೆಯಬೇಕು. ಬೆಲ್ಲ ಉದ್ರಿ ಹೋದರೆ ಗಿರಾಕಿಯ ಖಾತೆಯಲ್ಲಿ ಒಮ್ಮೆ, ಮಾರಾಟದ ಖಾತೆಯಲ್ಲಿ ಒಮ್ಮೆ. "ಎರಡೆರಡು ಸಲ ಯಾಕ? ಇಂಕು ಹೆಚ್ಚಾಗೇತೇನು?" ಎಂದ ಅಪ್ಪ. ಈ ಪದ್ಧತಿಯನ್ನು ಮೊದಲು ಅಚ್ಚುಹಾಕಿ ಜಗತ್ತಿಗೆ ಹಂಚಿದವನು ಲೂಕಾ ಪಾಚೋಲಿ ಎಂಬ ಕ್ರೈಸ್ತ ಸನ್ಯಾಸಿ, 1494ರಲ್ಲಿ, ವೆನಿಸ್ಸಿನಲ್ಲಿ ಎಂದು ನನ್ನ ಬಿ.ಕಾಂ. ಪಾಂಡಿತ್ಯ ಬಿಚ್ಚಿದೆ. "ಸನ್ಯಾಸಿಗೆ ಲೆಕ್ಕ ಯಾಕ ಬೇಕಿತ್ತೋ?" ಎಂದು ಒಳಗಿನಿಂದ ಅವ್ವ. "ನೀ ಮಠದ ಲೆಕ್ಕ ನೋಡಿಲ್ಲ, ಸುಮ್ನಿರು" ಎಂದು ಅಪ್ಪ.

ಹಳೆ ಬಾಕಿಗಳನ್ನು ಏರಿಸಲು ಒಂದು ವಾರ ಹಿಡಿಯಿತು. ಗಿರಾಕಿಯ ಹೆಸರು, ವಿಳಾಸ, ಫೋನು, ಇಮೇಲ್ ಎಂದು ಖಾಲಿ ಮನೆಗಳು ಕೇಳುತ್ತಿದ್ದವು. ಕೆಂಪು ಪಟಗದವನ ಇಮೇಲ್! ವಿಳಾಸದಲ್ಲಿ ಜಿಲ್ಲೆ ಬರೆಯುವಾಗ ಕೈ ತಾನಾಗಿ ಬಳ್ಳಾರಿ ಎಂದು ಬರೆಯುತ್ತದೆ. 2021ರಿಂದ ನಾವು ವಿಜಯನಗರ ಜಿಲ್ಲೆ. ಊರು ಕುಂತಲ್ಲೇ ಕುಂತಿದೆ, ಗುಡಿಯ ಬಂಡೆ ರಂಗನಾಥನೂ ಕದಲಿಲ್ಲ, ಜಿಲ್ಲೆ ಮಾತ್ರ ಬಂದು ಹೋಗಿ ಮಾಡುತ್ತದೆ.

ದೀಪಾವಳಿ ಪಾಡ್ಯಕ್ಕೆ ಹೊಸ ಪುಸ್ತಕದ ಪೂಜೆ. ಗ್ನೂಕ್ಯಾಶ್‌ಗೆ ವರ್ಷ ಏಪ್ರಿಲ್‌ನಿಂದ ಎಂದು ಹೇಳಿಕೊಟ್ಟಿದ್ದೆ. ಅವ್ವನಿಗೆ ಅದೆಲ್ಲ ಬೇಡ. ಲಕ್ಷ್ಮಿಯ ಮುಂದೆ ಲ್ಯಾಪ್‌ಟಾಪು ಇಟ್ಟು, ಅರಿಸಿನ ಕುಂಕುಮ ಹಚ್ಚಿ, ಚೆಂಡುಹೂ ಏರಿಸಿದಳು. ಕುಂಕುಮ ಸೊನ್ನೆಯ ಕೀಲಿಯೊಳಗೆ ಇಳಿಯಿತು. ಅಂದಿನಿಂದ ಒಂದು ಸೊನ್ನೆ ಒತ್ತಿದರೆ ಮೂರು ಬೀಳತೊಡಗಿದವು. ಕುರಿ ಕಾಯುವ ಅಜ್ಜನೊಬ್ಬ ಒಯ್ದ 50 ರೂಪಾಯಿಯ ಬೆಲ್ಲ 5000 ಆಯಿತು. ಜೋಡಿ ನಮೂದು ಏನಾದರೂ ತಕರಾರು ಮಾಡಿತೇ? ಇಲ್ಲ. ಆಚೆ 5000, ಈಚೆ 5000, ಸಮಸಮ. ಪಾಚೋಲಿಯ ಆತ್ಮಕ್ಕೆ ಶಾಂತಿ. ಸಂಜೆ ನಾನು ಪಟ್ಟಿ ಓದುವಾಗ ಕಟ್ಟೆಯ ಮೇಲೆ ಎಲೆ ಅಡಿಕೆ ಜಗಿಯುತ್ತಿದ್ದ ಅಪ್ಪ ಅಲ್ಲಿಂದಲೇ, "ತಡಿ, ಅವನ ಮನ್ಯಾಗ ಇರೋರು ಇಬ್ರು. ಐದು ಸಾವಿರದ ಬೆಲ್ಲ ಇರಿವೀನೂ ತಿಂದು ಮುಗಸಂಗಿಲ್ಲ" ಎಂದ.

ಗ್ನೂಕ್ಯಾಶ್‌ನ ಇನ್ನೊಂದು ಗುಣ ಹೇಳಬೇಕು. ಗಲ್ಲಾದಿಂದ ನೂರು ಹೋಯಿತು ಎಂದಷ್ಟೇ ಬರೆದು, ಎಲ್ಲಿಗೆ ಹೋಯಿತೆಂದು ಬರೆಯದಿದ್ದರೆ ಅದು ಜಗಳಕ್ಕೆ ಬರುವುದಿಲ್ಲ. ತಾನೇ 'ಇಂಬ್ಯಾಲೆನ್ಸ್-ಐಎನ್‌ಆರ್' ಎಂಬ ಖಾತೆ ತೆರೆದು ಆ ನೂರನ್ನು ಅಲ್ಲಿ ಕೂರಿಸುತ್ತದೆ. ಬೇಕಾದಾಗ ಬಂದು ನೋಡು ಎನ್ನುವ ಹಾಗೆ. ರಾತ್ರಿ ಶಿಲ್ಕು ಎಣಿಸಿ ಕಮ್ಮಿ ಬಂದದ್ದನ್ನೆಲ್ಲ ನಾನು ಹಾಗೇ ಬಿಟ್ಟುಬಿಡುತ್ತಿದ್ದೆ. ದೀಪಾವಳಿ ಮುಗಿದ ಮೇಲೆ ತೆರೆದು ನೋಡಿದರೆ ಅದರಲ್ಲಿ 1,100 ರೂಪಾಯಿ. ಹನ್ನೊಂದು ನಮೂದು, ಹನ್ನೊಂದೂ ಸೋಮವಾರ, ಪ್ರತಿಯೊಂದೂ ನೂರು.

ಕಳ್ಳತನವೆಂದರೆ ಇಷ್ಟು ಶಿಸ್ತಿನದು ಇರುವುದಿಲ್ಲ. ಅಪ್ಪನ ಹಳೆಯ ಕಿರ್ದಿಗಳನ್ನು ಅಟ್ಟದಿಂದ ಇಳಿಸಿದೆ. ಸೋಮವಾರಗಳನ್ನು ಹುಡುಕುತ್ತ ಹೋದೆ. 'ಹಮಾಲಿ 100.' ಹಿಂದಿನ ವರ್ಷ, 'ಹಮಾಲಿ 100.' ಅದಕ್ಕೂ ಹಿಂದೆ 50, ಇನ್ನೂ ಹಿಂದೆ 20. ನಮ್ಮಲ್ಲಿ ಮಾಲಿನ ಗಾಡಿ ಬರುವುದು ಗುರುವಾರ. ಮೂಟೆ ಇಳಿಸುವವನು ನಾನು, ಪುಕ್ಕಟೆ.

"ಯಪ್ಪಾ, ಸೋಮವಾರ ಯಾವ ಹಮಾಲ ಬರ್ತಾನ?"

ಅಪ್ಪ ಅಡುಗೆಮನೆಯ ಕಡೆ ನೋಡಿ ದನಿ ತಗ್ಗಿಸಿದ. ಸೋಮವಾರ ಮಧ್ಯಾಹ್ನ ಅಪ್ಪ ಉಂಡು ಮಲಗಿದಾಗ ಗಲ್ಲಾದಲ್ಲಿ ಕೂರುವವಳು ಅವ್ವ. ಸಂಜೆ ಹೆಂಗಸರ ಸಂಘ, ವಾರದ ಕಂತು.

"ಗೊತ್ತಿದ್ದೂ ಸುಮ್ನಿದ್ದೆ?"

"ಸುಮ್ನೆಲ್ಲಿ? ಬರದೀನಲ್ಲ" ಎಂದ. ಆಮೇಲೆ ಲ್ಯಾಪ್‌ಟಾಪಿನ ಮುಚ್ಚಳದ ಮೇಲೆ ಒಣಗಿದ್ದ ಕುಂಕುಮವನ್ನು ಉಗುರಿನಿಂದ ಕೆರೆಯುತ್ತ, "ಇದನ್ನ ಎಲ್ಲಿಂದ ತಂದ್ಲು ಅಂತ ಮಾಡಿದ್ದಿ?" ಎಂದ.

ಅಂದೇ ರಾತ್ರಿ ಗ್ನೂಕ್ಯಾಶ್‌ನಲ್ಲಿ, ಖರ್ಚಿನ ಕೆಳಗೆ, 'ಹಮಾಲಿ' ಎಂಬ ಖಾತೆ ತೆರೆದು ಹನ್ನೊಂದು ನಮೂದುಗಳನ್ನೂ ಅಲ್ಲಿಗೆ ಸಾಗಿಸಿದೆ. ಇಂಬ್ಯಾಲೆನ್ಸ್ ಸೊನ್ನೆಯಾಯಿತು. ಹೋದ ಸೋಮವಾರ ಶಿಲ್ಕು ಎಣಿಸಿದರೆ ಕಮ್ಮಿ ಬಂದದ್ದು ನೂರೈವತ್ತು. ಅಪ್ಪನ ಮುಖ ನೋಡಿದೆ.

"ಬರಕೋ" ಎಂದ. "ಎಲ್ಲಾ ಕಡಿ ಕೂಲಿ ಏರೇತಿ."