ಬಾಗಿಲು ಒಡೆಯಿರಿ, ರುಜು ತನ್ನಿ

ಸಿ.ಐ.ಡಿ. ಧಾರಾವಾಹಿಯನ್ನು ಗೇಲಿ ಮಾಡುವವರು ಮೊದಲು ಎತ್ತಿಕೊಳ್ಳುವುದೇ ಇನ್ಸ್‌ಪೆಕ್ಟರ್ ದಯಾ ಬಾಗಿಲು ಒಡೆಯುವ ದೃಶ್ಯವನ್ನು. 1998ರಲ್ಲಿ ಶುರುವಾದ ಆ ಧಾರಾವಾಹಿಯಲ್ಲಿ ಎಸಿಪಿ ಪ್ರದ್ಯುಮ್ನ್ ಅಪ್ಪಣೆ ಕೊಟ್ಟಿದ್ದೇ ತಡ, ನಮ್ಮ ತುಳುನಾಡಿನ ಮೂಲದ ದಯಾನಂದ ಶೆಟ್ಟಿ ಎಷ್ಟು ಬಾಗಿಲುಗಳ ಆಯಸ್ಸು ಮುಗಿಸಿದ್ದಾರೋ, ಬಡಗಿಗಳೇ ಲೆಕ್ಕ ಹೇಳಬೇಕು. ನನಗೇನೋ ಆ ತಂಡ ಮಾಡುವ ಕೆಲಸಗಳಲ್ಲೆಲ್ಲ ಕಾನೂನಿಗೆ ಹತ್ತಿರವಾದದ್ದು ಅದೇ ಅನ್ನಿಸುತ್ತದೆ. ಬಂಧಿಸಬೇಕಾದವನು ಒಳಗಿದ್ದಾನೆಂದು ನಂಬಲು ಕಾರಣವಿದ್ದು, ನಾವು ಪೊಲೀಸರು, ಬಾಗಿಲು ತೆಗೆಯಿರಿ ಎಂದು ಕೇಳಿದ ಮೇಲೂ ತೆಗೆಯದಿದ್ದರೆ ಒಡೆಯಬಹುದು ಎಂದು ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 47ನೇ ಕಲಮೇ ಹೇಳುತ್ತಿತ್ತು. 2024ರ ಜುಲೈನಲ್ಲಿ ಜಾರಿಗೆ ಬಂದ ಹೊಸ ಸಂಹಿತೆಯೂ ಅದನ್ನು ಉಳಿಸಿಕೊಂಡಿದೆ. ದಯಾ ಆ ಕೇಳುವ ಶಾಸ್ತ್ರವನ್ನು ಬೇಗ ಮುಗಿಸಿಬಿಡುತ್ತಾನೆ, ಅಷ್ಟೆ.

ನನ್ನ ತಕರಾರು ಇರುವುದು ಅದರ ಮುಂದಿನ ದೃಶ್ಯದ ಬಗ್ಗೆ. ಯಾವ ಪತ್ತೇದಾರಿ ಧಾರಾವಾಹಿಯನ್ನಾದರೂ ನೋಡಿ, ಅಲ್ಲೊಬ್ಬ ಕನ್ನಡಕದ ಹುಡುಗ ಇದ್ದೇ ಇರುತ್ತಾನೆ. ಸಾಹೇಬರು ಹೆಸರು ಹೇಳುತ್ತಾರೆ, ಅವನು ಕೀಲಿಮಣೆ ಕುಟ್ಟುತ್ತಾನೆ, ಫೋನ್ ಕರೆ, ಬ್ಯಾಂಕ್ ಖಾತೆ, ಆಸ್ಪತ್ರೆ ಚೀಟಿ, ಹಳೇ ಪ್ರೇಮಿಯ ವಿಳಾಸ ಎಲ್ಲವೂ ಗೋಡೆಯಗಲದ ಪರದೆಯ ಮೇಲೆ ಬಂದು ನಿಲ್ಲುತ್ತವೆ. ಮದುವೆ ಬ್ರೋಕರಿಗೂ ಇಷ್ಟು ಸಿಕ್ಕಿರಲಿಕ್ಕಿಲ್ಲ.

ಇದರ ಬಗ್ಗೆ ಪರಿಚಯದ ನಿವೃತ್ತ ಸಬ್ ಇನ್ಸ್‌ಪೆಕ್ಟರ್ ಒಬ್ಬರನ್ನು ಕೇಳಿದೆ. "ಆ ಪರದೆ ಇರ್ಲಿ ಸಾರ್, ನಮ್ಮ ಸ್ಟೇಷನ್ ಪ್ರಿಂಟರಿಗೆ ಟೋನರ್ ಇದ್ರೆ ಸಾಕಾಗಿತ್ತು" ಅಂದರು. ಒಂದು ನಂಬರಿನ ಸಿಡಿಆರ್, ಅಂದರೆ ಕರೆಗಳ ವಿವರ ಬೇಕೆಂದರೆ ಅಪರಾಧ ಸಂಖ್ಯೆ, ಕಾರಣ ಎಲ್ಲ ನಮೂದಿಸಿ ಕೋರಿಕೆ ಬರೆಯಬೇಕು. ಅದು ಮೇಲಕ್ಕೆ ಹೋಗಬೇಕು. ಎಸ್‌ಪಿ ಅಥವಾ ಡಿಸಿಪಿ ಕಚೇರಿಯಿಂದ ಫೋನ್ ಕಂಪನಿಯ ನೋಡಲ್ ಅಧಿಕಾರಿಗೆ ತಲುಪಬೇಕು. ಈ ಬಿಗಿ ಬಂದದ್ದಕ್ಕೂ ಒಂದು ಕಥೆಯಿದೆ. ಆಗ ರಾಜ್ಯಸಭೆಯ ವಿರೋಧ ಪಕ್ಷದ ನಾಯಕರಾಗಿದ್ದ ಅರುಣ್ ಜೇಟ್ಲಿಯವರ ಕರೆ ವಿವರಗಳನ್ನು ಯಾರೋ ತೆಗೆಸಿದ್ದು 2013ರಲ್ಲಿ ಬಯಲಾಗಿ, ದಿಲ್ಲಿಯ ಪೊಲೀಸ್ ಕಾನ್‌ಸ್ಟೇಬಲ್ ಒಬ್ಬನ ಬಂಧನವಾಯಿತು. ಆಮೇಲೆಯೇ ಎಸ್‌ಪಿ ದರ್ಜೆಗಿಂತ ಕೆಳಗಿನವರು ಸಿಡಿಆರ್ ಕೇಳಕೂಡದೆಂಬ ಸೂಚನೆ ಹೊರಟದ್ದು. ಹಾಗೆ ನೋಡಿದರೆ ಧಾರಾವಾಹಿಯ ಕನ್ನಡಕದ ಹುಡುಗ ದಿಲ್ಲಿಯಲ್ಲಿ ನಿಜವಾಗಿಯೂ ಇದ್ದ, ಜೈಲಿಗೂ ಹೋದ.

ಅಷ್ಟೆಲ್ಲ ಕಾದ ಮೇಲೆ ಬರುವುದೇನು? ಒಂದು ಎಕ್ಸೆಲ್ ಹಾಳೆ. ಯಾರು, ಯಾರಿಗೆ, ಯಾವ ದಿನ, ಎಷ್ಟು ಹೊತ್ತಿಗೆ, ಎಷ್ಟು ಸೆಕೆಂಡು, ಯಾವ ಹ್ಯಾಂಡ್‌ಸೆಟ್, ಕರೆ ಶುರುವಾದಾಗ ಯಾವ ಟವರ್, ಮುಗಿದಾಗ ಯಾವ ಟವರ್. ಮಾತು ಮಾತ್ರ ಒಂದೂ ಇರುವುದಿಲ್ಲ. ಕೊಲೆಯ ಹಿಂದಿನ ರಾತ್ರಿ ಆಡಿದ ಮಾತನ್ನು ಮಾರನೆಯ ದಿನ ಸ್ಪೀಕರಿನಲ್ಲಿ ಕೇಳಿಸಿಕೊಳ್ಳುವ ಸೌಭಾಗ್ಯ ಧಾರಾವಾಹಿಯವರಿಗೆ ಮಾತ್ರ. ಸಾಲು ಸಾಲು ಅಂಕಿಗಳನ್ನು ಬೆರಳಿಟ್ಟು ಓದುತ್ತಾ ಹೋದರೆ ಮುಕ್ಕಾಲುಪಾಲು ಸಾಲ ಕೊಡುತ್ತೇವೆನ್ನುವ ಬ್ಯಾಂಕಿನವರದೇ ಎಂದು ನಮ್ಮ ನಿವೃತ್ತರು ನಕ್ಕರು. ನಕಾಶೆಯ ಮೇಲೆ ಮಿಣಮಿಣ ಓಡುವ ಆ ಕೆಂಪು ಚುಕ್ಕಿ? ಟವರಿನ ವಿವರ ಹೇಳುವುದು ಆಸಾಮಿ ಆ ಟವರಿನ ವ್ಯಾಪ್ತಿಯಲ್ಲಿ ಎಲ್ಲೋ ಇದ್ದ ಎಂದು. ಬೆಂಗಳೂರಿನಲ್ಲಾದರೆ ಅದು ನಾಲ್ಕು ಬೀದಿ. ಮಲೆನಾಡಿನಲ್ಲಾದರೆ ಎರಡು ಕಾಫಿ ತೋಟ, ಒಂದು ಹಳ್ಳ, ಒಂದು ಗುಡ್ಡ.

ಕರೆ ಕದ್ದಾಲಿಸುವುದಂತೂ ಇನ್ನೂ ದೊಡ್ಡವರ ವಿಷಯ. 1996ರಲ್ಲಿ ಸುಪ್ರೀಂ ಕೋರ್ಟು ಗೃಹ ಕಾರ್ಯದರ್ಶಿಯ ಮಟ್ಟದ ಆದೇಶ ಬೇಕು, ಅದನ್ನು ಪರಿಶೀಲಿಸುವ ಸಮಿತಿ ಬೇಕು ಎಂದು ಕಟ್ಟುಪಾಡು ಹಾಕಿತು. ಅದಕ್ಕೂ ಎಂಟು ವರ್ಷ ಮೊದಲೇ, ಫೋನ್ ಕದ್ದಾಲಿಕೆಯ ಗದ್ದಲದಲ್ಲಿ ರಾಮಕೃಷ್ಣ ಹೆಗಡೆಯವರು ನಮ್ಮ ಮುಖ್ಯಮಂತ್ರಿಗಿರಿ ಬಿಟ್ಟಿದ್ದರು. ಸರ್ಕಾರದ ಕುರ್ಚಿಯನ್ನೇ ಅಲುಗಾಡಿಸಿದ ಕೆಲಸವನ್ನು ಟೀವಿಯ ಸಬ್ ಇನ್ಸ್‌ಪೆಕ್ಟರ್ ಕಾಫಿ ಹೀರುತ್ತಾ ಮಾಡಿ ಮುಗಿಸುತ್ತಾನೆ!

ಆಧಾರ್ ಬೆರಳಚ್ಚಿನದೂ ಇದೇ ಪಾಡು. ಲೋಟದ ಮೇಲಿನ ಗುರುತು ತೆಗೆದು ಆಧಾರ್‌ಗೆ ಹಾಕಿ ನೋಡಿದರಂತೆ, ಹೊಂದಿತಂತೆ. ಪೊಲೀಸರ ಬಳಿ ತಮ್ಮದೇ ಬೆರಳಚ್ಚು ಸಂಗ್ರಹವಿದೆ, ಹಳೇ ಗಿರಾಕಿಗಳಾದರೆ ಅದರಲ್ಲಿ ಸಿಗುತ್ತಾರೆ. ಆಧಾರ್‌ನಲ್ಲಿರುವ ಬೆರಳಚ್ಚನ್ನು ಅಪರಾಧ ತನಿಖೆಗೆ ಕೊಡುವಂತಿಲ್ಲ. ಉಳಿದ ವಿವರಕ್ಕೂ, ರಾಷ್ಟ್ರದ ಭದ್ರತೆಯ ಮಾತು ಬಿಟ್ಟರೆ, ಹೈಕೋರ್ಟ್ ನ್ಯಾಯಮೂರ್ತಿಗಳ ಆದೇಶ ಬೇಕು. ಈ ಆಧಾರ್ ವಿಷಯದಲ್ಲಿ 2012ರಲ್ಲಿ ಕೋರ್ಟಿನ ಮೆಟ್ಟಿಲೇರಿದವರು ನಮ್ಮ ಹೈಕೋರ್ಟಿನಲ್ಲಿ ನ್ಯಾಯಮೂರ್ತಿಯಾಗಿದ್ದ ಕೆ.ಎಸ್. ಪುಟ್ಟಸ್ವಾಮಿ. ಆಗ ಅವರಿಗೆ ಎಂಬತ್ತೈದು ದಾಟಿತ್ತು. ಖಾಸಗಿತನ ಮೂಲಭೂತ ಹಕ್ಕು ಎಂದು ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ 2017ರಲ್ಲಿ ಹೇಳಿದ್ದು ಅವರ ಹೆಸರಿನ ಪ್ರಕರಣದಲ್ಲೇ. ಆ ವಯಸ್ಸಿಗೆ ನಮ್ಮಲ್ಲಿ ಹೆಚ್ಚಿನವರು ಟೀವಿ ರಿಮೋಟಿಗಾಗಿ ವಾದ ಮಾಡುತ್ತಿರುತ್ತಾರೆ.

ಧಾರಾವಾಹಿಯವರು ಒಂದು ಕಡೆ ಮಾತ್ರ ಸುಳ್ಳು ಹೇಳುವುದಿಲ್ಲ. ವಾಹನದ ನಂಬರ್ ಕೊಟ್ಟರೆ ಮಾಲೀಕ ಸಿಗುವುದು ನಿಜಕ್ಕೂ ಬೇಗ, ವಾಹನ್ ದತ್ತಾಂಶ ಪೊಲೀಸರಿಗೆ ತೆರೆದೇ ಇದೆ. ಸಿಕ್ಕ ಮಾಲೀಕ ಮಾತ್ರ ಆ ಬೈಕನ್ನು ಮೂರು ಕೈ ಹಿಂದೆಯೇ ಮಾರಿ, ಹೆಸರು ವರ್ಗಾಯಿಸದೆ ಕೂತಿರುತ್ತಾನೆ.

ಇಷ್ಟೆಲ್ಲ ಆಗಿ ಕೋರ್ಟಿಗೆ ಹೋದರೆ, ಆ ಎಕ್ಸೆಲ್ ಹಾಳೆಯ ಜೊತೆಗೊಂದು ಪ್ರಮಾಣಪತ್ರ ಇಲ್ಲದಿದ್ದರೆ ಅದು ಸಾಕ್ಷ್ಯವೇ ಅಲ್ಲ. ಹಳೆಯ ಸಾಕ್ಷ್ಯ ಕಾಯಿದೆಯ ಕಲಮಿನ ಲೆಕ್ಕದಲ್ಲಿ ಹಳಬರು ಈಗಲೂ ಅದನ್ನು ಅರವತ್ತೈದು ಬಿ ಎಂದೇ ಕರೆಯುತ್ತಾರೆ. ಯಾವ ನಾಯಕನಾದರೂ ಕೊಲೆಗಾರನ ಕೊರಳಪಟ್ಟಿ ಹಿಡಿದು, "ತಡಿ, ಅರವತ್ತೈದು ಬಿ ಇನ್ನೂ ಬಂದಿಲ್ಲ" ಅಂದದ್ದನ್ನು ನಾನಂತೂ ನೋಡಿಲ್ಲ.

ಡಿಸಿಪಿ ರುಜುವಿಗೆ ಕಾಯುವ ಒಂದು ಕಂತನ್ನು ಇವರು ಯಾಕೆ ತೋರಿಸಬಾರದು ಎಂದು ನನ್ನಾಕೆಗೆ ಹೇಳಿ, ಆದರೆ ಬರೇ ಕಾಯುವುದನ್ನು ಯಾರು ನೋಡುತ್ತಾರೆ ಎಂದು ನಾನೇ ಸೇರಿಸಿದೆ. "ಯಾಕೆ ನೋಡಲ್ಲ?" ಎಂದಳು, ರಿಮೋಟು ಬಿಡದೆ. "ಮೂರನೇ ಗಂಟು ಬೀಳುತ್ತೋ ಇಲ್ವೋ ಅಂತ ಹೋದ ಸೋಮವಾರದಿಂದ ನೋಡ್ತಾ ಇದ್ದೀನಿ. ಪುರೋಹಿತರು ಇನ್ನೂ ಅಕ್ಷತೆ ಹಿಡ್ಕೊಂಡೇ ನಿಂತಿದ್ದಾರೆ."