ಶೋಕೇಸಿಗೆ ಸೂರ್ಯನನ್ನು ಕೂರಿಸುವ ವಿಧಾನ

(ಗಡ್ಡದ ಓತಿ ಸಾಕಬಯಸುವ ಗೃಹಸ್ಥರಿಗಾಗಿ ಬಳಕೆದಾರರ ಕೈಪಿಡಿ. ಜೋಡಣೆಗೆ ಮೊದಲು ಪೂರ್ತಿ ಓದಿ. ಯಾರೂ ಓದುವುದಿಲ್ಲವೆಂದು ಗೊತ್ತಿದ್ದೇ ಬರೆಯಲಾಗಿದೆ.)

1. ಪರಿಚಯ

ಹಲ್ಲಿ ಜಾತಿಯ ಪ್ರಾಣಿಯೊಂದನ್ನು ಸಾಕಬೇಕೆಂಬ ಆಸೆ ನಿಮ್ಮಲ್ಲಿ ಹುಟ್ಟಿದ್ದಕ್ಕೆ ಅಭಿನಂದನೆಗಳು. ಟ್ಯೂಬ್‌ಲೈಟಿನ ಹಿಂದೆ, ದೇವರ ಫೋಟೊದ ಸಂದಿಯಲ್ಲಿ ಇಂಥ ನಾಲ್ಕಾರು ಜೀವಗಳು ಆಗಲೇ ಬಾಡಿಗೆಯಿಲ್ಲದೆ ವಾಸವಾಗಿರುವುದು ನಿಮ್ಮ ಗಮನಕ್ಕೆ ಬಂದಿರಬಹುದು. ಅವಕ್ಕೆ ಗೂಡು ಬೇಡ, ದೀಪ ಬೇಡ. ನೀವು ಹಾಕಿಕೊಂಡ ದೀಪಕ್ಕೆ ಹುಳ ಬರುತ್ತದೆ, ಹುಳಕ್ಕೆ ಅವು ಬರುತ್ತವೆ, ಲೆಕ್ಕ ಅಲ್ಲಿಗೇ ಚುಕ್ತಾ. ಆದರೆ ಪುಕ್ಕಟೆ ಸಿಕ್ಕಿದ್ದರ ಮೇಲೆ ಮನುಷ್ಯನಿಗೆ ಮಮತೆ ಹುಟ್ಟುವುದಿಲ್ಲ. ಆದ್ದರಿಂದಲೇ ಈ ಕೈಪಿಡಿ.

ಇಲ್ಲಿ ವಿವರಿಸಿರುವುದು ಬಿಯರ್ಡೆಡ್ ಡ್ರ್ಯಾಗನ್ ಎಂಬ ಗಡ್ಡದ ಓತಿಯ ವಸತಿ ವ್ಯವಸ್ಥೆಯನ್ನು. ಮೂಲ ಊರು ಆಸ್ಟ್ರೇಲಿಯಾದ ಒಳನಾಡಿನ ಒಣಭೂಮಿ; ನಮ್ಮ ಬೇಲಿಯ ಮೇಲೆ ತಲೆ ಆಡಿಸುವ ಓತಿಕ್ಯಾತನ ಕುಟುಂಬವೇ. ಬಾಲ ಸೇರಿ ಒಂದೂವರೆ ಅಡಿ ಮೀರಿ ಬೆಳೆಯುತ್ತದೆ. ಸಿಟ್ಟು ಬಂದರೆ ಗಂಟಲ ಕೆಳಗಿನ ಮುಳ್ಳಿನ ಗಡ್ಡ ಉಬ್ಬಿ ಕಪ್ಪಾಗುತ್ತದೆ. ಎದುರಾಳಿಗೆ ಶರಣಾದರೆ ಒಂದು ಮುಂಗಾಲು ಎತ್ತಿ ನಿಧಾನವಾಗಿ ಬೀಸುತ್ತದೆ. ನಮ್ಮಲ್ಲಿ ಕೈ ಬೀಸುವುದು ಗೆದ್ದವರು, ಇವರಲ್ಲಿ ಸೋತವರು. ಇದು ಮೈಮೇಲೆ ಬಿದ್ದರೆ ಏನು ಫಲವೆಂದು ಯಾವ ಪಂಚಾಂಗವೂ ಹೇಳುವುದಿಲ್ಲ. ಸಮಾಧಾನವಾಗದವರು ಕಂಚಿಯ ವರದರಾಜಸ್ವಾಮಿ ದೇವಸ್ಥಾನಕ್ಕೆ ಹೋಗಿ ಬಂಗಾರದ ಹಲ್ಲಿಯನ್ನೂ ಬೆಳ್ಳಿಯ ಹಲ್ಲಿಯನ್ನೂ ಮುಟ್ಟಿ ಬರಬಹುದು.

2. ಬೇಕಾಗುವ ಸಾಮಗ್ರಿ

ಹಳೆಯ ಶೋಕೇಸ್ ಅಥವಾ ಟಿವಿ ಸ್ಟ್ಯಾಂಡ್, ಒಂದು. ಟಿವಿ ಗೋಡೆಗೆ ಏರಿದ ದಿನದಿಂದ ಇದು ಬಹಳ ಮನೆಗಳಲ್ಲಿ ನಿರುದ್ಯೋಗಿ. ಒಳಗಿರುವ ಚನ್ನಪಟ್ಟಣದ ಗೊಂಬೆ, ಮಗನ ಪ್ರಬಂಧ ಸ್ಪರ್ಧೆಯ ಟ್ರೋಫಿ, ಗೃಹಪ್ರವೇಶಕ್ಕೆ ಬಂದ ಗಾಜಿನ ತಾಜ್‌ಮಹಲ್ ಇವನ್ನು ಬೇರೆಡೆಗೆ ಸಾಗಿಸಿ. ಮನೆಯ ಹಿರಿಯರ ಒಪ್ಪಿಗೆ ಲಿಖಿತವಾಗಿದ್ದರೆ ಒಳ್ಳೆಯದು.

ಬೆಳೆದ ಪ್ರಾಣಿಯೊಂದಕ್ಕೆ ಕನಿಷ್ಠ ನಾಲ್ಕಡಿ ಉದ್ದ, ಎರಡಡಿ ಆಳ, ಎರಡಡಿ ಎತ್ತರ ಬೇಕು. ನಿಮ್ಮ ಶೋಕೇಸಿನ ಆಳ ಒಂದೂವರೆ ಅಡಿ ಮೀರುವುದಿಲ್ಲ. ಅದು ತಾಜ್‌ಮಹಲ್ ಇಡಲು ಮಾಡಿದ್ದು. ಆದ್ದರಿಂದ ಬಡಗಿಯನ್ನು ಕರೆಸಿ. ನೀರು ತಡೆಯುವ 18 ಮಿ.ಮೀ. ಪ್ಲೈವುಡ್, ಮುಂದೆ ಸರಿಯುವ ಎರಡು ಗಾಜು, ಹಿಂಬದಿಯಲ್ಲಿ ಮೇಲೊಂದು ಕೆಳಗೊಂದು ಗಾಳಿಕಿಂಡಿ, ಅವಕ್ಕೆ ಜಾಲರಿ. ಒಳಗಡೆ ಲೈಟ್ ಪಾಯಿಂಟ್ ಬೇಕೆಂದ ಕೂಡಲೇ ಬಡಗಿ, "ಯಾವ ದೇವ್ರು ಸಾರ್ ಕೂರ್ಸೋದು?" ಎಂದು ಕೇಳುತ್ತಾನೆ. ನಿಜ ಹೇಳಿ. ಸುಳ್ಳು ಹೇಳಿದರೆ ಮೇಲೆ ಗೋಪುರ ಕೆತ್ತಿಕೊಂಡು ಬರುತ್ತಾನೆ.

ದೀಪ ಕೂರಿಸಲು ಪಿಂಗಾಣಿ ಹೋಲ್ಡರನ್ನೇ ಬಳಸಿ. ಪ್ಲಾಸ್ಟಿಕ್ ಹೋಲ್ಡರ್ ಹ್ಯಾಲೊಜೆನ್ ಬಲ್ಬಿನ ಶಾಖಕ್ಕೆ ಕರಗುತ್ತದೆ, ಕರಗುವುದು ಪ್ಲೈವುಡ್ಡಿನ ಪೆಟ್ಟಿಗೆಯೊಳಗೆ. ಮುಂದಿನದನ್ನು ಬರೆಯುವ ಅಗತ್ಯವಿಲ್ಲ.

3. ಬೆಳಕಿನ ಜೋಡಣೆ

ಇಲ್ಲಿಂದ ಮುಂದೆ ನಿಮ್ಮ ಕಣ್ಣನ್ನು ನಂಬಬೇಡಿ. ಗೂಡಿನೊಳಗೆ ಕಾಣುವ ಬೆಳಕು ನಿಮ್ಮ ಪಾಲಿನದು. ಪ್ರಾಣಿ ಬದುಕುವುದು ನಿಮಗೆ ಕಾಣದ ಬೆಳಕಿನಿಂದ. 280ರಿಂದ 315 ನ್ಯಾನೊಮೀಟರ್ ಅಲೆಯ ಯುವಿಬಿ ಕಿರಣ ಚರ್ಮಕ್ಕೆ ಬಿದ್ದಾಗ ಅಲ್ಲಿರುವ ಕೊಲೆಸ್ಟರಾಲ್ ಜಾತಿಯ ವಸ್ತುವೊಂದು ವಿಟಮಿನ್ ಡಿ3 ಆಗಲು ಹೊರಡುತ್ತದೆ. ಆ ಕೆಲಸ ಪೂರ್ತಿಯಾಗಲು ಮೈ ಬೆಚ್ಚಗೂ ಇರಬೇಕು. ಡಿ3 ಇಲ್ಲದಿದ್ದರೆ ತಿಂದ ಕ್ಯಾಲ್ಸಿಯಂ ಮೈಗೆ ಹತ್ತುವುದಿಲ್ಲ. ಆಗ ದೇಹ ಮೂಳೆಯಿಂದ ಕ್ಯಾಲ್ಸಿಯಂ ಸಾಲ ಎತ್ತಲು ಶುರುಮಾಡುತ್ತದೆ, ತೀರಿಸುವುದಿಲ್ಲ. ದವಡೆ ಮೆತ್ತಗಾಗುತ್ತದೆ, ಕಾಲು ಬಾಗುತ್ತದೆ, ಬೆನ್ನು ಡೊಂಕಾಗುತ್ತದೆ. ಇಷ್ಟೆಲ್ಲ ಆಗುವಾಗಲೂ ಗೂಡು ಜಗಜಗ ಬೆಳಗುತ್ತಲೇ ಇರುತ್ತದೆ.

ಬಳಸಬಾರದ ದೀಪಗಳು:

ಅ) ಮನೆಯ ಎಲ್‌ಇಡಿ. ಎಷ್ಟೇ ಪ್ರಕಾಶವಿದ್ದರೂ ಯುವಿಬಿ ಇಲ್ಲ.

ಆ) ಹೋಟೆಲಿನ ಗಲ್ಲಾದ ಮೇಲೆ ನೇತಾಡುವ ನೊಣ ಹಿಡಿಯುವ ನೀಲಿ ದೀಪ. ಅದರದು ಯುವಿಎ. ನೊಣಕ್ಕೆ ಇಷ್ಟ, ಮೂಳೆಗೆ ಪ್ರಯೋಜನವಿಲ್ಲ.

ಇ) ಅಡುಗೆಮನೆಯ ವಾಟರ್ ಫಿಲ್ಟರಿನೊಳಗಿನ ಯುವಿ ದೀಪ. "ಯುವಿ ತಾನೇ?" ಎಂದು ಯೋಚಿಸುವ ಚತುರರಿಗಾಗಿ ದಪ್ಪ ಅಕ್ಷರದಲ್ಲಿ ಮುದ್ರಿಸಬೇಕಾದ ಮಾತು ಇದು: ಅದು 254 ನ್ಯಾನೊಮೀಟರಿನ ಯುವಿಸಿ, ಸೂಕ್ಷ್ಮಜೀವಿಗಳನ್ನು ಕೊಲ್ಲಲು ಮಾಡಿದ್ದು. ಓತಿಯ ಕಣ್ಣನ್ನೂ ಸುಡುತ್ತದೆ, ನಿಮ್ಮದನ್ನೂ.

ಈ) ಕಿಟಕಿ ಪಕ್ಕದ ಬಿಸಿಲು. ಕಿಟಕಿಯ ಗಾಜು ಯುವಿಬಿಯನ್ನು ಬಹುಪಾಲು ತಡೆದು ಶಾಖವನ್ನು ಮಾತ್ರ ಒಳಗೆ ಬಿಡುತ್ತದೆ. ಅಂದರೆ ಪ್ರಾಣಿ ಬೇಯುತ್ತದೆ, ಡಿ3 ಮಾತ್ರ ಆಗುವುದಿಲ್ಲ.

ಬಳಸಬೇಕಾದದ್ದು: ಸರೀಸೃಪಗಳಿಗೆಂದೇ ತಯಾರಾದ ಟಿ5 ಯುವಿಬಿ ಟ್ಯೂಬ್, 39 ವ್ಯಾಟಿನದು. ಸುಮಾರು 34 ಇಂಚು ಉದ್ದವಿದ್ದು ಗೂಡಿನ ಮುಕ್ಕಾಲು ಭಾಗಕ್ಕೆ ಹತ್ತಿರ ಬರುತ್ತದೆ. ಒಂದು ಮೂಲೆಯಿಂದ ಶುರುಮಾಡಿ ಕೂರಿಸಿ, ಇನ್ನೊಂದು ಮೂಲೆ ನೆರಳಾಗಿರಲಿ. ಟ್ಯೂಬಿಗೂ ಪ್ರಾಣಿಯ ಬೆನ್ನಿಗೂ ಎಷ್ಟು ಅಂತರ ಎಂಬುದು ಡಬ್ಬಿಯ ಮೇಲಿನ ಚಾರ್ಟಿನಲ್ಲಿದೆ. ಡಬ್ಬಿಯನ್ನು ರದ್ದಿಗೆ ಹಾಕುವ ಮೊದಲು ನೋಡಿ. ನಡುವೆ ಸೊಳ್ಳೆ ಜಾಲರಿ ಬಿಗಿದರೆ ಕಿರಣದ ದೊಡ್ಡ ಪಾಲು ಜಾಲರಿಯೇ ನುಂಗುತ್ತದೆ.

2010ರಲ್ಲಿ ಗ್ಯಾರಿ ಫರ್ಗುಸನ್ ಮತ್ತು ಸಂಗಡಿಗರು ಅಮೆರಿಕ ಖಂಡದ ಕಾಡು ಹಲ್ಲಿ, ಹಾವುಗಳ ಹಿಂದೆ ಮೀಟರ್ ಹಿಡಿದು ಹೋಗಿ, ಯಾವುದು ಎಷ್ಟು ಬಿಸಿಲು ತಾನಾಗಿಯೇ ಬಯಸಿ ಕೂರುತ್ತದೆ ಎಂದು ಅಳೆದು ನಾಲ್ಕು ವಲಯ ಮಾಡಿದರು. ಗಡ್ಡದ ಓತಿಗೆ ಈಗ ಮೂರನೆಯ ವಲಯದ ಲೆಕ್ಕ ಹಿಡಿಯುತ್ತಾರೆ. ಬಿಸಿಲು ಕಾಯುವ ಜಾಗದಲ್ಲಿ ಯುವಿ ಸೂಚ್ಯಂಕ ನಾಲ್ಕು, ಐದು ಇದ್ದರೆ ಸಾಕು. ಬೆಂಗಳೂರಿನ ಬೇಸಿಗೆಯ ನಡುಮಧ್ಯಾಹ್ನ ಆ ಸೂಚ್ಯಂಕ ಹತ್ತನ್ನು ದಾಟುತ್ತದೆ. ಹಾಗಾದರೆ ನೀವು ಮಾಡುತ್ತಿರುವುದೇನು? ಮೊದಲು ಬಿಸಿಲು ತೂರದಂಥ ಪೆಟ್ಟಿಗೆ ಮಾಡಿಸಿದಿರಿ. ಈಗ ಅದರೊಳಕ್ಕೆ ಬಿಸಿಲನ್ನು ಕೊಂಡು ತರುತ್ತಿದ್ದೀರಿ. ಕೈಪಿಡಿಗೆ ಈ ಬಗ್ಗೆ ಅಭಿಪ್ರಾಯವಿಲ್ಲ. ಬಾಲ್ಕನಿಯಿರುವವರು ಎಳೆಬಿಸಿಲಿನಲ್ಲಿ ಅರ್ಧ ಗಂಟೆ ತಂತಿಬಲೆಯ ಪಂಜರದಲ್ಲಿ ಕೂರಿಸಬಹುದು. ಪಂಜರದ ಅರ್ಧಕ್ಕೆ ನೆರಳಿರಲಿ, ಮೇಲೆ ಹದ್ದಿರುವುದು ನೆನಪಿರಲಿ.

ವಾರಂಟಿ: ಟ್ಯೂಬು ವರ್ಷಗಟ್ಟಲೆ ಉರಿಯುತ್ತದೆ, ಅದರೊಳಗಿನ ಯುವಿಬಿ ವರ್ಷದೊಳಗೇ ಕುಂದುತ್ತದೆ. "ಉರೀತಾ ಇದೆಯಲ್ಲ, ಯಾಕೆ ಬದಲಾಯಿಸ್ಬೇಕು?" ಎಂಬ ಯಜಮಾನರ ಪ್ರಶ್ನೆಗೆ ಕಣ್ಣಿನಲ್ಲಿ ಉತ್ತರವಿಲ್ಲ, ತಾರೀಖಿನಲ್ಲಿದೆ. ಪ್ರತಿ ಆಯುಧಪೂಜೆಗೆ ಟ್ಯೂಬ್ ಬದಲಿಸುವ ಪದ್ಧತಿ ಇಟ್ಟುಕೊಳ್ಳಿ. ಅರಿಸಿನ ಕುಂಕುಮ ಪೆಟ್ಟಿಗೆಗೆ ಹಚ್ಚಿ, ಟ್ಯೂಬಿಗೆ ಬೇಡ.

4. ಶಾಖದ ಜೋಡಣೆ

ಟ್ಯೂಬ್ ಶುರುವಾದ ಮೂಲೆಯಲ್ಲೇ 75 ವ್ಯಾಟಿನ ಹ್ಯಾಲೊಜೆನ್ ಫ್ಲಡ್ ಬಲ್ಬ್ ಇಳಿಬಿಡಿ. ಕೆಳಗೆ ಕಡಪ ಕಲ್ಲಿನ ತುಂಡೊಂದನ್ನು ಇಡಿ. ಕಲ್ಲಿನ ಮೈ 40 ಡಿಗ್ರಿ ಆಸುಪಾಸು ಕಾಯಬೇಕು, ಎದುರು ಮೂಲೆ 25ರಿಂದ 28ರಲ್ಲಿರಬೇಕು. ಗೂಡಿಗೆ ನಾಲ್ಕಡಿ ಉದ್ದ ಕೇಳಿದ್ದು ಇದಕ್ಕಾಗಿ. ಈ ಪ್ರಾಣಿಗೆ ಮೈಯೊಳಗೆ ಒಲೆಯಿಲ್ಲ. ಕಾದಾಗ ಆಚೆ ಹೋಗಿ, ಆರಿದಾಗ ಈಚೆ ಬಂದು ತನ್ನ ತಾಪ ತಾನೇ ಹೊಂದಿಸಿಕೊಳ್ಳುತ್ತದೆ. ಗೂಡಿನ ತುಂಬ ಒಂದೇ ಶಾಖವಿದ್ದರೆ ಅದಕ್ಕೆ ಆಯ್ಕೆಯೇ ಇರುವುದಿಲ್ಲ.

ಶಾಖ ಮಿತಿಯಲ್ಲಿಡಲು ಡಿಮ್ಮರ್ ಥರ್ಮೊಸ್ಟಾಟ್ ಹಾಕಿ. ಅಳೆಯಲು ಕಲ್ಲಿನ ಮೈಶಾಖ ತೋರಿಸುವ ಇನ್‌ಫ್ರಾರೆಡ್ ಥರ್ಮಾಮೀಟರ್ ಬೇಕು. ಕೋವಿಡ್ ಕಾಲದಲ್ಲಿ ಮಾಲ್ ಬಾಗಿಲಲ್ಲಿ ಎಲ್ಲರ ಹಣೆಗೂ ಹಿಡಿದು ಎಲ್ಲರನ್ನೂ ಒಳಗೆ ಬಿಟ್ಟ ಆ ಗನ್ ಬೇಡ. ಕರೆಂಟಿನಿಂದ ಕಾಯುವ ಕೃತಕ ಬಂಡೆಯೂ ಬೇಡ, ಹೊಟ್ಟೆ ಸುಟ್ಟುಕೊಳ್ಳುತ್ತದೆ. ರಾತ್ರಿಗೆಂದು ಕೆಂಪು ಬಲ್ಬ್ ಮಾರಲು ಬಂದರೆ ಕೈಮುಗಿಯಿರಿ. ಓತಿಗೆ ಬಣ್ಣ ಚೆನ್ನಾಗಿಯೇ ಕಾಣುತ್ತದೆ. ಸಾಲದ್ದಕ್ಕೆ ನಡುನೆತ್ತಿಯ ಮೇಲೆ ಬೆಳಕು ಕತ್ತಲೆ ಅರಿಯುವ ಮೂರನೆಯ ಕಣ್ಣೊಂದಿದೆ. ಹನ್ನೆರಡು ಗಂಟೆ ಬೆಳಕು, ಹನ್ನೆರಡು ಗಂಟೆ ಕತ್ತಲೆ. ಟೈಮರ್ ಹಾಕಿ. "ಬೆಳಿಗ್ಗೆ ನಾನೇ ಎದ್ದು ಹಾಕ್ತೀನಿ" ಎನ್ನುವ ಮಕ್ಕಳ ಭರವಸೆ ಟೈಮರಿಗೆ ಸಮನಲ್ಲ.

5. ಊರಿಗೊಂದು ಸೂಚನೆ

ಬೆಂಗಳೂರು, ಮೈಸೂರು: ರಾತ್ರಿ ಮನೆಯೊಳಗೆ 18 ಡಿಗ್ರಿಗಿಂತ ಕೆಳಗಿಳಿಯದಿದ್ದರೆ ಪ್ರತ್ಯೇಕ ಶಾಖ ಬೇಡ. ನಿಮಗೆ ಸ್ವೆಟರ್ ಬೇಕಾದರೆ ಅದು ನಿಮ್ಮ ವಿಷಯ.

ಕಲಬುರಗಿ, ರಾಯಚೂರು: ಏಪ್ರಿಲ್, ಮೇ ತಿಂಗಳಲ್ಲಿ ಹೊರಗೇ 40 ದಾಟಿರುತ್ತದೆ. ಬಿಸಿ ಮೂಲೆ ದೇವರು ಕೊಟ್ಟದ್ದು; ತಂಪು ಮೂಲೆಯನ್ನು ನೀವು ಕಟ್ಟಬೇಕು. ಹ್ಯಾಲೊಜೆನ್ ಆಫ್ ಮಾಡಿ, ಯುವಿಬಿ ಟ್ಯೂಬ್ ಆಫ್ ಮಾಡಬೇಡಿ.

ಮಂಗಳೂರು, ಕಾರವಾರ: ಪ್ರಾಣಿ ಕೇಳುವುದು ಶೇ. 30ರಿಂದ 40ರ ತೇವಾಂಶ. ಜುಲೈ ತಿಂಗಳಲ್ಲಿ ನಿಮ್ಮ ಟವೆಲ್ಲೇ ಒಣಗುವುದಿಲ್ಲ. ಗಾಳಿಕಿಂಡಿ ದೊಡ್ಡದು ಮಾಡಿ, ಪ್ಲೈವುಡ್ಡಿಗೆ ಬೂಷ್ಟು ಬಂದೀತು ನೋಡುತ್ತಿರಿ.

ಮಡಿಕೇರಿ, ಆಗುಂಬೆ: ಬೇಡ. ಮಲೆನಾಡಿನವರು ಹಾರುವ ಓತಿ ನೋಡಲು 'ಕರ್ವಾಲೊ' ಕಾದಂಬರಿಯವರಷ್ಟು ಅಲೆಯಬೇಕಾಗಿಯೂ ಇಲ್ಲ. ಅಡಿಕೆ ತೋಟದಲ್ಲಿ ಕತ್ತೆತ್ತಿ ಕೊಂಚ ಹೊತ್ತು ನಿಲ್ಲಿ, ಮರದಿಂದ ಮರಕ್ಕೆ ತೇಲುವುದು ಕಂಡೀತು. ಅದಕ್ಕೆ ನೀವು ಟ್ಯೂಬ್ ಬದಲಿಸಬೇಕಿಲ್ಲ.

6. ವಿದ್ಯುತ್ ಲೆಕ್ಕ

75 ವ್ಯಾಟ್, 39 ವ್ಯಾಟ್, ಒಟ್ಟು 114. ದಿನಕ್ಕೆ ಹನ್ನೆರಡು ಗಂಟೆಯಂತೆ ತಿಂಗಳಿಗೆ ಹೆಚ್ಚುಕಡಿಮೆ 41 ಯೂನಿಟ್. ಗೃಹಜ್ಯೋತಿಯ ಫಲಾನುಭವಿಗಳು ಗಮನಿಸಿ: ನಿಮ್ಮ ಉಚಿತ ಮಿತಿ ನಿಂತಿರುವುದು ಹಿಂದಿನ ಸರಾಸರಿ ಬಳಕೆಯ ಮೇಲೆ, ಅಲ್ಪ ಹೆಚ್ಚುವರಿಯೊಂದಿಗೆ. ಆ ಸರಾಸರಿ ತೆಗೆದಾಗ ಮನೆಯಲ್ಲಿ ಓತಿ ಇರಲಿಲ್ಲ. ತಿಂಗಳ ಬಳಕೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ನಿಮ್ಮದೇ. ಮನೆಯ ಹೊಸ ಸದಸ್ಯನ ಹೆಸರನ್ನು ಯೋಜನೆಗೆ ಸೇರಿಸಲು ಅವಕಾಶವಿಲ್ಲ.

7. ನೆಲ ಮತ್ತು ಅಲಂಕಾರ

ಟೈಲ್ಸ್ ಅಥವಾ ಹಳೆಯ ದಿನಪತ್ರಿಕೆ ಸಾಕು. ಮರಳು ಚೆಂದ ಕಾಣುತ್ತದೆ, ಹುಳದ ಜೊತೆ ಮರಿಯ ಹೊಟ್ಟೆಗೂ ಹೋಗಿ ಕಟ್ಟಿಕೊಳ್ಳಬಹುದು. ಎಂ-ಸ್ಯಾಂಡ್ ಸ್ಲ್ಯಾಬ್ ಹಾಕಲಿಕ್ಕಿರಲಿ. ಪ್ಲಾಸ್ಟಿಕ್ ಕಳ್ಳಿಗಿಡ, ಪುಟ್ಟ ಬುದ್ಧನ ಮೂರ್ತಿ, ಬಣ್ಣದ ಎಲ್‌ಇಡಿ ಸರ ಇವೆಲ್ಲ ನೋಡುವವರಿಗಾಗಿ. ಒಳಗಿರುವವನಿಗೆ ಬೇಕಾದದ್ದು ಹತ್ತಲು ಒಂದು ಕೊಂಬೆ, ಅಡಗಲು ಒಂದು ಗುಹೆ. ಅಡಗಿದಾಗ ಅವನು ಕಾಣುವುದಿಲ್ಲ ಎಂಬ ದೂರನ್ನು ಸ್ವೀಕರಿಸಲಾಗುವುದಿಲ್ಲ.

8. ದೋಷ ಮತ್ತು ಪರಿಹಾರ

ಪ್ರಾಣಿ ಕಲ್ಲಿನ ಮೇಲೆ ಬಾಯಿ ತೆರೆದು ಕೂತಿದೆ. ನಗುತ್ತಿಲ್ಲ, ಹೆಚ್ಚಾದ ಶಾಖ ಹೊರಹಾಕುತ್ತಿದೆ. ಸರಿಯಾಗಿದೆ.

ಗಾಜನ್ನು ಸದಾ ಕೆರೆಯುತ್ತಿದೆ. ಅಲ್ಲಿ ಕಾಣುವ ಇನ್ನೊಂದು ಓತಿ ಅದರದೇ ಪ್ರತಿಬಿಂಬ. ಗಾಜಿನ ಮೇಲೆ ಹೊರಗಿನಿಂದ ಕಾಗದ ಅಂಟಿಸಿ.

ರಾತ್ರಿ ಗೂಡಿನೊಳಗಿಂದ ಲೊಚಗುಟ್ಟುವ ಸದ್ದು. ಗಡ್ಡದ ಓತಿ ಲೊಚಗುಟ್ಟುವುದಿಲ್ಲ. ಬೆಚ್ಚಗಿದೆಯೆಂದು ನಿಮ್ಮ ಮನೆಹಲ್ಲಿ ಕಿಂಡಿಯಿಂದ ನುಗ್ಗಿದೆ. ಬೆಳಗಾಗುವುದರೊಳಗೆ ಹೊರಗೆ ಬಿಡಿ, ಇಲ್ಲವಾದರೆ ಅದು ನಾಷ್ಟಾ ಆಗುತ್ತದೆ, ತನ್ನ ಹೊಟ್ಟೆಯ ಜಂತುಗಳ ಸಮೇತ.

ಮೇವಿಗೆಂದು ಸಾಕಿದ ಜಿರಲೆ ಡಬ್ಬಿಯನ್ನು ಅತ್ತೆಯವರು ನೋಡಿದ್ದಾರೆ. ವರ್ಷಗಟ್ಟಲೆ ಜಿರಲೆಗೆ ಸೀಮೆಸುಣ್ಣದ ಗೆರೆ ಎಳೆದ ಮನೆ ಇದು. ದಂಟಿನಸೊಪ್ಪು, ದಾಸವಾಳದ ಹೂವು ಕೂಡ ತಿನ್ನುತ್ತದೆಂದು ಹೇಳಿ ನೋಡಿ. ಉಳಿದದ್ದು ಈ ಕೈಪಿಡಿಯ ವ್ಯಾಪ್ತಿಗೆ ಬರುವುದಿಲ್ಲ.

9. ಕಾನೂನು

ಬಡಗಿಗೆ ಮುಂಗಡ ಕೊಡುವ ಮೊದಲೇ ಈ ಭಾಗ ಓದಬೇಕಿತ್ತು. ಉಡವನ್ನೋ ಊಸರವಳ್ಳಿಯನ್ನೋ ಹಿಡಿದು ತಂದು ಈ ಗೂಡಿಗೆ ಹಾಕುವಂತಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅದು ಅಪರಾಧ. ಹಸಿರು ಇಗ್ವಾನಾ ಸೈಟಿಸ್ ಒಪ್ಪಂದದ ಪಟ್ಟಿಯಲ್ಲಿರುವುದರಿಂದ, ಕಾಯ್ದೆಗೆ 2022ರಲ್ಲಿ ತಿದ್ದುಪಡಿಯಾದ ಮೇಲೆ ಅದನ್ನು ಇಟ್ಟುಕೊಂಡವರು ನೋಂದಣಿ ಮಾಡಿಸಬೇಕು. ಆಸ್ಟ್ರೇಲಿಯಾ ತನ್ನ ಜೀವಂತ ಸರೀಸೃಪಗಳ ವ್ಯಾಪಾರಿ ರಫ್ತನ್ನು ದಶಕಗಳ ಹಿಂದೆಯೇ ನಿಲ್ಲಿಸಿದೆ. ಮಾರುವವನು "ನೇರ ಆಸ್ಟ್ರೇಲಿಯಾದಿಂದ ಬಂದದ್ದು ಸಾರ್" ಎಂದರೆ ಅವನು ಹೇಳುತ್ತಿರುವುದು ಸುಳ್ಳು ಅಥವಾ ತಪ್ಪೊಪ್ಪಿಗೆ. ಎಲ್ಲಿ ಹುಟ್ಟಿದ್ದು, ಹೇಗೆ ಬಂದದ್ದು, ಕಾಗದ ಕೇಳಿ. ಕಾಗದವಿಲ್ಲದಿದ್ದರೆ ಪ್ರಾಣಿಯೂ ಬೇಡ.

10. ಪರೀಕ್ಷಾ ಚಾಲನೆ

ಗೂಡು ಸಿದ್ಧವಾಯಿತು. ಈಗ ಪ್ರಾಣಿ ತರಬೇಡಿ. ಒಂದು ತಿಂಗಳು ಖಾಲಿ ಗೂಡನ್ನೇ ಸಾಕಿ. ದಿನವೂ ಎರಡೂ ಮೂಲೆಗಳ ಶಾಖ ಅಳೆದು ನೋಟ್‌ಬುಕ್ಕಿನಲ್ಲಿ ಬರೆಯಿರಿ, ನೀರಿನ ಬಟ್ಟಲು ತೊಳೆಯಿರಿ, ಪತ್ರಿಕೆ ಬದಲಿಸಿ. ಊರಿಗೆ ಹೋಗುವಾಗ ಖಾಲಿ ಪೆಟ್ಟಿಗೆಯನ್ನು ನೋಡಿಕೊಳ್ಳಲು ಪಕ್ಕದ ಮನೆಯವರನ್ನು ಒಪ್ಪಿಸಿ. ಗಡ್ಡದ ಓತಿ ಹತ್ತು ವರ್ಷ ಬಾಳಬಲ್ಲದು. ಅಂದರೆ ಇಂಥ ನೂರಿಪ್ಪತ್ತು ತಿಂಗಳು. ಮೊದಲನೆಯ ತಿಂಗಳಲ್ಲೇ ನೋಟ್‌ಬುಕ್ಕಿನ ಪುಟ ಖಾಲಿ ಬಿದ್ದರೆ ದೀಪಗಳನ್ನು ಬಿಚ್ಚಿ ಯಾರಿಗಾದರೂ ಮಾರಿಬಿಡಿ. ನಷ್ಟವೆಂದುಕೊಳ್ಳಬೇಡಿ: ಒಂದು ಜೀವದ ಮೂಳೆ ಉಳಿಯಿತು, ತಾಜ್‌ಮಹಲಿಗೆ ಎರಡಡಿ ಆಳದ ಹೊಸ ಶೋಕೇಸ್ ಸಿಕ್ಕಿತು.